ಅಲೆಯ ಶಿಖರವೂ ಎರೆಯ ಹೊಲವೂ

ಧಾರವಾಡ ಜಿಲ್ಲೆಯ ನವಲಗುಂದದಿಂದ ಅಣ್ಣಿಗೇರಿಯವರೆಗೆ, ಅಲ್ಲಿಂದ ಮುಂದೆ ಕುಂದಗೋಳದ ಸೀಮೆಯ ಕಡೆಗೆ, ಒಂದು ಮರದ ನೆರಳಿಗೂ ಬಹುದೂರ ನಡೆಯಬೇಕಾದಂಥ ಸಮತಟ್ಟಾದ ಎರೆಯ ಬಯಲು ಹಬ್ಬಿಕೊಂಡಿದೆ. ಹತ್ತಿ, ಹೆಸರು, ಕಡಲೆ, ಗೋದಿ, ಮೆಣಸಿನಕಾಯಿಗಳನ್ನು ಬೆಳೆಯುವ ಈ ಬಯಲಿನಲ್ಲಿ ಊರಿಗೂ ಊರಿಗೂ ನಡುವೆ ಹೊಲಗಳದೇ ವಿಸ್ತಾರವಿರುವುದರಿಂದ, ಊರ ಮಗ್ಗುಲಲ್ಲಿ ನಿಂತ ಮೊಬೈಲ್ ಟವರಿನ ತುದಿಯು ದೂರದ ಬದುವಿನ ಮೇಲೆ ನಿಂತವನ ಕಣ್ಣಿಗೂ ನಿಚ್ಚಳವಾಗಿ ಕಾಣಿಸುತ್ತದೆ. ಕಣ್ಣಿಗೆ ಕಂಡ ಟವರು ಕೈಯಲ್ಲಿನ ಫೋನಿಗೂ ಎಟುಕಬೇಕಲ್ಲವೇ ಎಂದು ಯಾರಾದರೂ ಭಾವಿಸಿದರೆ ಅದು ಸಹಜವೇ. ಫೋನಿನ ಪರದೆಯ ಮೇಲೆ ಎರಡೋ ಮೂರೋ ಕಡ್ಡಿಗಳು ಮೂಡಿನಿಂತು ಆ ಭಾವನೆಯನ್ನು ಸಮರ್ಥಿಸುತ್ತಲೂ ಇರುತ್ತವೆ. ಆದರೂ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತನ್ನ ಹೊಲದ ಹೆಸರಿನ ಬೆಳೆಯ ಚಿತ್ರವನ್ನು ತೆಗೆದು ಕಳುಹಿಸಹೊರಟ ರೈತನು, ಚಿತ್ರವು ಹೊರಡದೆ ಪರದೆಯ ನಡುವೆ ಚಕ್ರವೊಂದು ಸುತ್ತುತ್ತಲೇ ಇರುವುದನ್ನು ನೋಡುತ್ತ ನಿಲ್ಲಬೇಕಾಗುವುದುಂಟು. “ನೆಟ್‌ವರ್ಕ್ ಐತ್ರಿ, ಫೋಟೊ ಹೋಗವಲ್ದು” ಎಂಬ ಮಾತು ಈ ಸೀಮೆಯಲ್ಲಿ ಕೇಳದ ಮಾತೇನಲ್ಲ. ಮತ್ತು ಅದು ಅಕ್ಷರಶಃ ಸತ್ಯವಾದ ಮಾತು.

ಪರದೆಯ ಕಡ್ಡಿಗಳು ತಿಳಿಸುವುದು ಟವರಿನ ದನಿಯು ಫೋನಿಗೆ ಎಷ್ಟರಮಟ್ಟಿಗೆ ಕೇಳಿಸುತ್ತಿದೆ ಎಂಬುದನ್ನಷ್ಟೇ. ಫೋನಿನ ದನಿಯು ಟವರಿಗೆ ಮುಟ್ಟುತ್ತಿದೆಯೇ ಎಂಬ ವಿಷಯದಲ್ಲಿ ಅವು ಮೌನವಾಗಿರುತ್ತವೆ. ಟವರಾದರೋ ಹೆಸ್ಕಾಂ ವಿದ್ಯುತ್ತನ್ನೂ, ಅದು ತಪ್ಪಿದಾಗ ಬ್ಯಾಟರಿಗಳನ್ನೂ ಡೀಸೆಲ್ ಜನರೇಟರನ್ನೂ ನೆಚ್ಚಿಕೊಂಡು ಹತ್ತಾರು ವಾಟ್ ಶಕ್ತಿಯನ್ನು ಆಕಾಶಕ್ಕೆ ಬಿಡಬಲ್ಲದು. ಅಂಗೈಯಷ್ಟು ಅಗಲದ ಫೋನು, ಅಂಗಿಯ ಜೇಬಿನಲ್ಲಿರುವ ತನ್ನ ಬ್ಯಾಟರಿಯನ್ನೂ ಅದನ್ನು ಹಿಡಿದವನ ದೇಹದ ಸುರಕ್ಷತೆಯನ್ನೂ ನೋಡಿಕೊಂಡು, ಸಾಮಾನ್ಯವಾಗಿ 200 ಮಿಲಿವಾಟಿಗೆ, ಅಂದರೆ ಒಂದು ವಾಟಿನ ಐದನೆಯ ಒಂದು ಪಾಲಿಗೆ, ತನ್ನ ಕೂಗನ್ನು ನಿಲ್ಲಿಸಬೇಕು. ಟವರಿನ ದೊಡ್ಡ ಆಂಟೆನಾಗಳೂ ಸೂಕ್ಷ್ಮವಾದ ಗ್ರಾಹಕ ಯಂತ್ರಗಳೂ ಈ ಅಸಮತೆಯನ್ನು ಕೆಲಮಟ್ಟಿಗೆ ತುಂಬಿಕೊಡುತ್ತವೆ ನಿಜ. ಆದರೆ ದೂರವು ಹೆಚ್ಚುತ್ತ ಹೋದಂತೆ ಮೊದಲು ಸೋಲುವುದು ಹೊಲದಿಂದ ಹೊರಟ ದನಿಯೇ ಹೊರತು ಊರಿನಿಂದ ಬಂದ ದನಿಯಲ್ಲ. ಇಷ್ಟೇ ಆಗಿದ್ದರೆ ಸಣ್ಣ ಯಂತ್ರದ ಸ್ವಾಭಾವಿಕವಾದ ಮಿತಿಯೆಂದು ಸುಮ್ಮನಿರಬಹುದಿತ್ತು. ಆ ಅಲ್ಪ ಶಕ್ತಿಯನ್ನೂ ಫೋನು ಪೂರ್ಣವಾಗಿ ವಿನಿಯೋಗಿಸಲಾರದಂತೆ ಮಾಡುವ ಇನ್ನೊಂದು ಕಾರಣವುಂಟು. ಅದು ಅಲೆಯ ಆಕಾರದಲ್ಲಿಯೇ ಅಡಗಿದೆ. ನಾನು ಇಲ್ಲಿ ವಿವರಿಸಹೊರಟಿರುವುದು ಆ ಕಾರಣವನ್ನು, ಅದನ್ನು ನಿವಾರಿಸಲು ಅರ್ಧ ಶತಮಾನಕ್ಕೂ ಮಿಕ್ಕಿ ನಡೆದ ಪ್ರಯತ್ನಗಳನ್ನು, ಮತ್ತು ಅವುಗಳಲ್ಲಿ ನಮ್ಮ ದೇಶದ ಹಳ್ಳಿಗಳನ್ನೇ ಕಣ್ಣಮುಂದಿಟ್ಟುಕೊಂಡು ನಡೆದ ಒಂದು ಪ್ರಯತ್ನವನ್ನು.

ಆಕಾಶದ ಮೂಲಕ ದನಿಯನ್ನು ಕಳುಹಿಸುವ ವಿದ್ಯೆ ಈ ಜಿಲ್ಲೆಗೆ ಹೊಸದೇನೂ ಅಲ್ಲ. ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಅದರ ಮಧ್ಯಮ ತರಂಗದ ವಾಣಿಯು 765 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಈ ಎಲ್ಲ ತಾಲೂಕುಗಳನ್ನು ದಾಟಿ ಬಹುದೂರ ಹೋಗುತ್ತದೆ. ಅಲ್ಲಿ ಇರುವುದು ಒಂದೇ ವಾಹಕ ತರಂಗ. ಮಾತಿನ, ಹಾಡಿನ ಏರಿಳಿತಗಳಿಗೆ ತಕ್ಕಂತೆ ಆ ಒಂದು ತರಂಗವು ಉಬ್ಬುತ್ತ ತಗ್ಗುತ್ತ ಇರುತ್ತದೆ. ಪೂರ್ಣವಾಗಿ ಉಬ್ಬಿದ ಕ್ಷಣದಲ್ಲಿ ಅದರ ಎತ್ತರವು ಸುಮ್ಮನಿದ್ದಾಗಿನ ಎತ್ತರದ ಎರಡರಷ್ಟಾಗುವುದರಿಂದ, ಮತ್ತು ಶಕ್ತಿಯು ಎತ್ತರದ ವರ್ಗವನ್ನು ಅನುಸರಿಸುವುದರಿಂದ, ಪ್ರೇಷಕ ಯಂತ್ರವು ಆ ಕ್ಷಣಕ್ಕೆ ನಾಲ್ಕು ಪಟ್ಟು ಶಕ್ತಿಯನ್ನು ಒದಗಿಸಲು ಸಿದ್ಧವಾಗಿರಬೇಕಾಗುತ್ತದೆ. ಕ್ಷಣಮಾತ್ರದ ಶಿಖರಕ್ಕಾಗಿ ದಿನವಿಡೀ ದೊಡ್ಡ ಯಂತ್ರವನ್ನು ಕಾಯಿಸಿಟ್ಟಿರುವ ಈ ದುಂದುವೆಚ್ಚವನ್ನು ತಪ್ಪಿಸಲೆಂದೇ ಅಮೆರಿಕದ ಬೆಲ್ ಪ್ರಯೋಗಶಾಲೆಯ ವಿಲಿಯಂ ಡೊಹರ್ಟಿಯು 1936ರಲ್ಲಿ, ಸಾಮಾನ್ಯ ಕಾಲಕ್ಕೊಂದು ಮತ್ತು ಶಿಖರ ಕಾಲಕ್ಕೊಂದು ಎಂದು ಎರಡು ಅಂಗಗಳು ಕೂಡಿ ದುಡಿಯುವ ವರ್ಧಕವನ್ನು ರಚಿಸಿದನು. ಶಿಖರದ ಸಮಸ್ಯೆಯು ಅಂದಿನ ಎಂಜಿನಿಯರರಿಗೂ ಪರಿಚಿತವಾಗಿದ್ದಿತು. ಆದರೆ ಅಂದು ಹಳ್ಳಿಯ ರೇಡಿಯೊ ಕೇಳುವ ಯಂತ್ರವಷ್ಟೇ ಆಗಿದ್ದುದರಿಂದ ಶಿಖರದ ಭಾರವೆಲ್ಲ ಧಾರವಾಡದಲ್ಲಿದ್ದ ದೊಡ್ಡ ಯಂತ್ರದ ಮೇಲೆಯೇ ಬೀಳುತ್ತಿದ್ದಿತು. ಇಂದು ಹಳ್ಳಿಯವನ ಕೈಯಲ್ಲಿರುವ ಯಂತ್ರವೂ ಮಾತನಾಡಬೇಕಾಗಿದೆ. ಶಿಖರದ ಭಾರದಲ್ಲಿ ಅದಕ್ಕೂ ಪಾಲು ಬಂದಿದೆ.

ಇಂದಿನ 4ಜಿ, 5ಜಿ ವ್ಯವಸ್ಥೆಗಳು ಒಂದೇ ವಾಹಕವನ್ನು ಬಿಟ್ಟು ನೂರಾರು, ಸಾವಿರಾರು ವಾಹಕಗಳನ್ನು ಏಕೆ ಹಿಡಿದವು ಎಂಬುದನ್ನು ಮೊದಲು ತಿಳಿಯಬೇಕು. ಸೆಕೆಂಡಿಗೆ ಒಂದು ಕೋಟಿ ಸಂಕೇತಗಳನ್ನು ಒಂದೇ ತರಂಗದ ಮೇಲೆ ಹೇರಿ ಕಳುಹಿಸಿದೆವೆನ್ನೋಣ. ಆಗ ಪ್ರತಿಯೊಂದು ಸಂಕೇತಕ್ಕೂ ದೊರೆಯುವ ಅವಧಿಯಲ್ಲಿ ರೇಡಿಯೊ ಅಲೆಯು ಚಲಿಸುವುದು ಕೇವಲ 30 ಮೀಟರು. ಟವರಿನಿಂದ ನೇರವಾಗಿ ಬಂದ ಅಲೆಯ ಬೆನ್ನಲ್ಲೇ, ಯಾವುದೋ ಗೋದಾಮಿನ ತಗಡಿಗೋ ಗುಡ್ಡದ ಪಾರ್ಶ್ವಕ್ಕೋ ತಗುಲಿ 300 ಮೀಟರು ಹೆಚ್ಚು ದಾರಿಯನ್ನು ಸವೆಸಿ ಬಂದ ಪ್ರತಿಧ್ವನಿಯು, ಹತ್ತು ಸಂಕೇತಗಳಷ್ಟು ಹಿಂದೆ ಬಿದ್ದು, ಆ ಹೊತ್ತಿಗೆ ಬರುತ್ತಿರುವ ಬೇರೆ ಸಂಕೇತದ ಮೇಲೆ ಎರಗಿ ಅದನ್ನು ಕೆಡಿಸುತ್ತದೆ. ಇದಕ್ಕೆ ಪರಿಹಾರವೆಂದರೆ ಒಂದು ವೇಗದ ಪ್ರವಾಹವನ್ನು ಅನೇಕ ನಿಧಾನವಾದ ಪ್ರವಾಹಗಳನ್ನಾಗಿ ಒಡೆಯುವುದು. ಎರೆಯ ಹೊಲದಲ್ಲಿ ಕೂರಿಗೆ ಹೂಡಿದವರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ: ಬಟ್ಟಲಿಗೆ ಬಿಟ್ಟ ಒಂದೇ ಹಿಡಿ ಕಾಳು ಕೊಳವೆಗಳಲ್ಲಿ ಹಂಚಿಹೋಗಿ, ತಾಳುಗಳ ಹಿಂದೆ ಸಮಾನ ಅಂತರದ ಸಾಲುಗಳಲ್ಲಿ ಇಳಿಯುವುದರಿಂದ, ಎತ್ತುಗಳು ನಿಧಾನವಾಗಿ ನಡೆದರೂ ಬಿತ್ತನೆಯು ಬೇಗ ಮುಗಿಯುತ್ತದೆ, ಒಂದು ಸಾಲಿನ ಕಾಳು ಇನ್ನೊಂದು ಸಾಲಿಗೆ ಬೀಳುವುದೂ ಇಲ್ಲ. 20 ಮೆಗಾಹರ್ಟ್ಸ್ ಅಗಲದ 4ಜಿ ಪಟ್ಟಿಯಲ್ಲಿ ಅಂಥ ಸಾಲುಗಳು 1200. ಒಂದರಿಂದೊಂದಕ್ಕೆ 15 ಕಿಲೋಹರ್ಟ್ಸ್ ಅಂತರ. ಪ್ರತಿಯೊಂದು ಸಾಲೂ, ಅಂದರೆ ಪ್ರತಿಯೊಂದು ಉಪವಾಹಕವೂ, ತನ್ನ ಸಂಕೇತವನ್ನು ಸುಮಾರು 66.7 ಮೈಕ್ರೊಸೆಕೆಂಡುಗಳ ಕಾಲ ಹಿಡಿದಿಡುತ್ತದೆ. ಅಷ್ಟರಲ್ಲಿ ಅಲೆಯು 20 ಕಿಲೋಮೀಟರು ಸಾಗಿರುತ್ತದೆ. ಮುನ್ನೂರು ಮೀಟರಿನ ಪ್ರತಿಧ್ವನಿಯು ಇದರ ಮುಂದೆ ಗಣನೆಗೆ ಬಾರದು.

ಸಾಲುಗಳು ಇಷ್ಟು ಒತ್ತೊತ್ತಾಗಿದ್ದರೂ ಒಂದರೊಳಗೊಂದು ಬೆರೆಯದಿರಲು ಅವುಗಳ ಅಂತರವನ್ನು ಗಣಿತದ ಒಂದು ನಿಯಮಕ್ಕೆ ಅನುಸಾರವಾಗಿ ಆರಿಸಲಾಗಿದೆ. ಒಂದು ಸಂಕೇತದ ಅವಧಿಯೊಳಗೆ ಪ್ರತಿಯೊಂದು ಉಪವಾಹಕವೂ ಪೂರ್ಣಸಂಖ್ಯೆಯ ಆವರ್ತಗಳನ್ನು ಮುಗಿಸುವಂತಿದ್ದರೆ, ಒಂದು ಉಪವಾಹಕವನ್ನು ಅಳೆಯುವಾಗ ಮಿಕ್ಕೆಲ್ಲವುಗಳ ಪ್ರಭಾವವು ಧನ ಋಣಗಳಲ್ಲಿ ಹೊಂದಿ ಸೊನ್ನೆಯಾಗಿಬಿಡುತ್ತದೆ. ಬೆಲ್ ಪ್ರಯೋಗಶಾಲೆಯ ರಾಬರ್ಟ್ ಚಾಂಗ್ ಈ ತತ್ತ್ವವನ್ನು 1966ರಲ್ಲಿ ಪ್ರಕಟಿಸಿದನು. ಸಾವಿರ ಉಪವಾಹಕಗಳಿಗೆ ಸಾವಿರ ಕಂಪನ ಯಂತ್ರಗಳನ್ನು ಕಟ್ಟುವುದು ಯಾರಿಂದಲೂ ಆಗದ ಕೆಲಸವಾದುದರಿಂದ ಅದು ಕೆಲಕಾಲ ಕಾಗದದಲ್ಲಿಯೇ ಉಳಿಯಿತು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬವರು ಜಗತ್ತಿಗೆ ಪರಿಚಯಿಸಿದ್ದ ತ್ವರಿತ ಫೂರಿಯೆ ಗಣನೆಯ ಮಾರ್ಗದಿಂದ, ಎಲ್ಲ ಉಪವಾಹಕಗಳನ್ನೂ ಒಂದೇ ಲೆಕ್ಕದಲ್ಲಿ ಒಟ್ಟಿಗೆ ನಿರ್ಮಿಸುವುದು ಸಾಧ್ಯವಾಗುವ ದಾರಿಯನ್ನು 1971ರಲ್ಲಿ ವೈನ್‌ಸ್ಟೈನ್ ಮತ್ತು ಎಬರ್ಟ್ ತೋರಿಸಿಕೊಟ್ಟರು. ಒಂದೊಂದು ಸಂಕೇತದ ಅವಧಿಯಲ್ಲಿ ಹೊರಡುವ ಪ್ರತಿಯೊಂದು ಅಲೆಖಂಡದ ಬಾಲವನ್ನು ಅದರ ತಲೆಗೆ ಪುನಃ ಅಂಟಿಸಿ ಕಳುಹಿಸಿದರೆ ಪ್ರತಿಧ್ವನಿಯಿಂದ ಉಂಟಾಗುವ ಅಳಿದುಳಿದ ಕಲಬೆರಕೆಯೂ ತಪ್ಪುತ್ತದೆಂದು ಪೆಲೆಡ್ ಮತ್ತು ರೂಯಿಜ್ 1980ರಲ್ಲಿ ಸೂಚಿಸಿದರು. 4ಜಿಯಲ್ಲಿ ಈ ಅಂಟಿಸಿದ ಭಾಗವು ಸುಮಾರು 4.7 ಮೈಕ್ರೊಸೆಕೆಂಡು, ಅಂದರೆ ಒಂದು ಕಿಲೋಮೀಟರು 400 ಮೀಟರಿನವರೆಗೆ ಹೆಚ್ಚು ದಾರಿ ಸುತ್ತಿ ಬಂದ ಪ್ರತಿಧ್ವನಿಗಳನ್ನು ಅದು ನುಂಗಿಕೊಳ್ಳುತ್ತದೆ. ಸಂಕೇತ ಸಂಕೇತಗಳ ನಡುವಣ ವ್ಯತಿಕರಣವನ್ನು ಹೀಗೆ ಗೆದ್ದಂತಾಯಿತು.

ಉಪವಾಹಕ ಉಪವಾಹಕಗಳ ನಡುವಣ ವ್ಯತಿಕರಣದ ಭಯವು ಮಾತ್ರ ಉಳಿಯಿತು: ಗ್ರಾಹಕನ ಕಂಪನಾಂಕವು ಪ್ರೇಷಕನದಕ್ಕಿಂತ ಕಿಂಚಿತ್ತು ಸರಿದರೂ ಸೊನ್ನೆಯಾಗಬೇಕಾದುದು ಸೊನ್ನೆಯಾಗದೆ, ಸಾಲು ಸಾಲುಗಳ ನಡುವೆ ಸೋರಿಕೆ ಆರಂಭವಾಗುತ್ತದೆ. ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಅಣ್ಣಿಗೇರಿಯ ಮೇಲೆ ಹಾದುಹೋಗುವ ರೈಲು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುತ್ತಿದ್ದರೆ, ಅದರಲ್ಲಿ ಕುಳಿತವನ ಫೋನಿಗೆ 2300 ಮೆಗಾಹರ್ಟ್ಸ್ ಪಟ್ಟಿಯ ಅಲೆಯು ಹೆಚ್ಚೆಂದರೆ ಸುಮಾರು 213 ಹರ್ಟ್ಸ್ ಸರಿದಂತೆ ತೋರುತ್ತದೆ. 15,000 ಹರ್ಟ್ಸ್ ಅಂತರದ ಸಾಲುಗಳಿಗೆ ಇದು ನೂರಕ್ಕೆ ಒಂದೂವರೆ ಪಾಲಿನಷ್ಟೂ ಅಲ್ಲವಾದುದರಿಂದ ಸಹಿಸಬಹುದಾದ ಸೋರಿಕೆ. ಹೊಲದಲ್ಲಿ ನಿಂತವನಿಗೆ ಈ ಬಾಧೆಯೂ ಇಲ್ಲ. ಅವನನ್ನು ಬಾಧಿಸುವುದು ಬೇರೊಂದು.

ಅನೇಕ ಅಲೆಗಳು ಒಟ್ಟಿಗೆ ಹೊರಟಾಗ ಆಂಟೆನಾಕ್ಕೆ ತಲಪುವುದು ಅವೆಲ್ಲವುಗಳ ಮೊತ್ತವಾದ ಒಂದೇ ಅಲೆ. ಬಹಳ ಸಲ ಒಂದರ ಏರು ಇನ್ನೊಂದರ ಇಳಿವಿಗೆ ಹೊಂದಿಕೊಂಡು ಮೊತ್ತವು ಮಿತವಾಗಿರುತ್ತದೆ. ಆದರೆ ಯಾವುದೋ ಒಂದು ಕ್ಷಣದಲ್ಲಿ ಬಹುಪಾಲು ಅಲೆಗಳ ಏರುಗಳೆಲ್ಲ ಒಂದೆಡೆಗೆ ಬಂದು ಕೂಡಿದರೆ, ಅಲ್ಲಿ ಹಠಾತ್ತನೆ ಒಂದು ಶಿಖರವು ಏಳುತ್ತದೆ. ನಾಲ್ಕೇ ಅಲೆಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದರ ಎತ್ತರವೂ ಒಂದು ಎಂದಿರಲಿ. ಅವುಗಳ ಸರಾಸರಿ ಶಕ್ತಿಯು ನಾಲ್ಕು. ನಾಲ್ಕೂ ಒಟ್ಟಿಗೆ ಏರಿದಾಗ ಎತ್ತರವು ನಾಲ್ಕಾಗಿ, ಶಕ್ತಿಯು ಅದರ ವರ್ಗವಾದ ಹದಿನಾರಾಗುತ್ತದೆ. ಶಿಖರವು ಸರಾಸರಿಯ ನಾಲ್ಕು ಪಟ್ಟು. ಅಲೆಗಳು ಎಷ್ಟೋ ಅಷ್ಟು ಪಟ್ಟು ಎಂಬುದು ನಿಯಮವಾದುದರಿಂದ 1200 ಉಪವಾಹಕಗಳಿದ್ದಲ್ಲಿ ಶಿಖರವು ಸರಾಸರಿಯ 1200 ಪಟ್ಟಿನವರೆಗೆ ಏರಲು ಅವಕಾಶವುಂಟು. ಅಷ್ಟೂ ಅಲೆಗಳು ಒಮ್ಮೆಗೇ ಕೂಡುವ ಸಂಭವವು ಜಗತ್ತಿನ ಆಯುಷ್ಯದಲ್ಲಿಯೂ ಒದಗದಷ್ಟು ಅಲ್ಪವೆಂಬುದು ನಮ್ಮ ಭಾಗ್ಯ. ಸಂಭಾವ್ಯತೆಯ ಸರಳ ಲೆಕ್ಕವನ್ನು ಹಾಕಿದರೆ, 64 ಉಪವಾಹಕಗಳಿದ್ದಾಗ ಸಾವಿರ ಅಲೆಖಂಡಗಳಲ್ಲೊಂದು ಸರಾಸರಿಯ ಸುಮಾರು 11 ಪಟ್ಟನ್ನೂ, 1200 ಉಪವಾಹಕಗಳಿದ್ದಾಗ ಸುಮಾರು 14 ಪಟ್ಟನ್ನೂ ದಾಟುತ್ತದೆಂದು ಕಾಣುವುದು. ಸಾವಿರದಲ್ಲೊಂದು ಎಂಬುದನ್ನು ಅಪರೂಪವೆಂದು ತಿಳಿಯಲಾಗದು. 4ಜಿಯಲ್ಲಿ ಸೆಕೆಂಡಿಗೆ 14,000 ಅಲೆಖಂಡಗಳು ಹೊರಡುತ್ತವೆಯಾದುದರಿಂದ, ಇಂಥ ಶಿಖರಗಳು ಒಂದೊಂದು ಸೆಕೆಂಡಿನಲ್ಲಿಯೂ ಹದಿನಾಲ್ಕು ಸಲ ಎದ್ದು ಬೀಳುತ್ತವೆ.

ಶಿಖರದಿಂದ ಕೇಡಾಗುವುದು ವರ್ಧಕದಲ್ಲಿ. ವರ್ಧಕವೆಂಬುದು ತನಗೆ ಬಂದ ದುರ್ಬಲ ಅಲೆಯನ್ನು ಅದೇ ಆಕಾರದಲ್ಲಿ ದೊಡ್ಡದು ಮಾಡಿ ಆಂಟೆನಾಕ್ಕೆ ಒಪ್ಪಿಸುವ ಅಂಗ. ಅದು ಒಂದು ಮಿತಿಯವರೆಗೆ ಮಾತ್ರ ಪ್ರಾಮಾಣಿಕವಾಗಿ ಹಿಗ್ಗಿಸುತ್ತದೆ, ಮಿತಿಯ ಸಮೀಪಕ್ಕೆ ಬಂದಂತೆ ಏರನ್ನು ಚಪ್ಪಟೆ ಮಾಡತೊಡಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೊದಲಿರದ ಹೊಸ ಕಂಪನಾಂಕಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ತನ್ನದೇ ಉಪವಾಹಕಗಳ ನಡುವೆ ಸುಳಿದು ಸಂಕೇತಗಳನ್ನು ಕೆಡಿಸಿದರೆ, ಮಿಕ್ಕವು ಪಟ್ಟಿಯ ಎಲ್ಲೆಯನ್ನು ದಾಟಿ ಪಕ್ಕದ ಪಟ್ಟಿಯವರ ಮಾತಿಗೆ ಅಡ್ಡಬರುತ್ತವೆ. ಶಿಖರವೂ ವ್ಯತಿಕರಣವೂ ಎರಡು ಬೇರೆ ಸಮಸ್ಯೆಗಳೆಂದು ತೋರಿದರೂ ಹೀಗೆ ಅವುಗಳ ಬೇರು ಒಂದೇ. ಪಕ್ಕದ ಪಟ್ಟಿಗೆ ಚೆಲ್ಲುವ ಶಕ್ತಿಗೆ ಕಟ್ಟುನಿಟ್ಟಾದ ಮೇಲ್ಮಿತಿಯುಂಟು. ಅದನ್ನು ಮೀರಬಾರದೆಂದರೆ ವರ್ಧಕವನ್ನು ಅದರ ಪೂರ್ಣ ಸಾಮರ್ಥ್ಯಕ್ಕಿಂತ ಬಹಳ ಕೆಳಗೆ, ಶಿಖರವು ಎದ್ದರೂ ಚಾವಣಿಗೆ ತಾಗದಂತೆ, ದುಡಿಸಬೇಕು. ಕೆಳಗಿಳಿಸಿ ದುಡಿಸಿದ ವರ್ಧಕವು ತಾನು ನುಂಗಿದ ವಿದ್ಯುತ್ತಿನ ಬಹುಪಾಲನ್ನು ಅಲೆಯನ್ನಾಗಿ ಮಾಡದೆ ಶಾಖವನ್ನಾಗಿ ಮಾಡುತ್ತದೆ. ಟವರಿನಲ್ಲಿ ಇದರ ಅರ್ಥ ಹೆಚ್ಚು ಕರೆಂಟು, ಹೆಚ್ಚು ಡೀಸೆಲ್. ಫೋನಿನಲ್ಲಿ ಇದರ ಅರ್ಥ ಬೇಗ ಇಳಿಯುವ ಬ್ಯಾಟರಿ, ಅದಕ್ಕಿಂತ ಮುಖ್ಯವಾಗಿ ದೂರಕ್ಕೆ ಮುಟ್ಟದ ದನಿ.

ಇದಕ್ಕೆ ವಿದ್ವಾಂಸರು ಕಂಡುಕೊಂಡ ಉಪಾಯಗಳು ಹಲವು. ಅತ್ಯಂತ ಸರಳವಾದುದು ಶಿಖರವನ್ನು ಮೊದಲೇ ಕತ್ತರಿಸಿ, ಕತ್ತರಿಸಿದುದರಿಂದ ಪಟ್ಟಿಯ ಹೊರಗೆ ಹುಟ್ಟಿದ ಕಸವನ್ನು ಸೋಸಿ ತೆಗೆಯುವುದು. ಸೋಸಿದ ಮೇಲೆ ಶಿಖರವು ಸ್ವಲ್ಪ ಪುನಃ ತಲೆಯೆತ್ತುವುದರಿಂದ ಕತ್ತರಿಸುವುದನ್ನೂ ಸೋಸುವುದನ್ನೂ ಎರಡು ಮೂರು ಬಾರಿ ಆವರ್ತಿಸಬೇಕಾಗುತ್ತದೆ. ಪಟ್ಟಿಯ ಒಳಗೆ ಉಳಿದ ಅಲ್ಪ ವಿರೂಪವನ್ನು ಸಹಿಸಿಕೊಳ್ಳಬೇಕಾಗುತ್ತದೆ. ಜರ್ಮನಿಯ ಬಾಯ್ಮಲ್, ಫಿಷರ್ ಮತ್ತು ಹೂಬರ್ ಎಂಬವರು 1996ರಲ್ಲಿ ಸೂಚಿಸಿದ ಮಾರ್ಗವು ಇದಕ್ಕಿಂತ ನಯವಾದುದು: ಒಂದೇ ಸಂದೇಶವನ್ನು ಹಲವು ಬಗೆಯ ಆರಂಭಸ್ಥಿತಿಗಳಲ್ಲಿ ಅಲೆಯಾಗಿಸಿ ನೋಡಿ, ಅವುಗಳಲ್ಲಿ ಯಾವುದರ ಶಿಖರವು ಅತ್ಯಂತ ತಗ್ಗಾಗಿದೆಯೋ ಅದನ್ನು ಮಾತ್ರ ಕಳುಹಿಸುವುದು. ಯಾವ ಬಗೆಯನ್ನು ಆರಿಸಿದೆವೆಂಬುದನ್ನು ಕೇಳುವವನಿಗೂ ತಿಳಿಸಬೇಕಾದುದರಿಂದ ಒಂದಷ್ಟು ಸಂಕೇತಗಳು ಅದಕ್ಕೇ ವ್ಯಯವಾಗುತ್ತವೆ. ಕೆಲವು ಉಪವಾಹಕಗಳಿಗೆ ಸಂದೇಶವನ್ನೇ ಕೊಡದೆ, ಉಳಿದವುಗಳ ಶಿಖರವನ್ನು ತಗ್ಗಿಸುವ ಪ್ರತಿ-ಅಲೆಯನ್ನು ಕಟ್ಟಲು ಅವನ್ನು ಮೀಸಲಿಡುವ ಮಾರ್ಗವೂ ಒಂದುಂಟು.

ಇವೆಲ್ಲಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದಿರುವುದು ಮಾರ್ಸೆಲ್ ಗೊಲೆಯ ಹೆಸರಿನಿಂದ ಪ್ರಸಿದ್ಧವಾದ ಪೂರಕ ಶ್ರೇಣಿಗಳು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಈ ವಿಜ್ಞಾನಿಯು 1949ರ ಸುಮಾರಿಗೆ ಯೋಚಿಸುತ್ತಿದ್ದುದು ರೇಡಿಯೊ ಅಲೆಗಳ ವಿಚಾರವನ್ನಲ್ಲ. ಅವಗೆಂಪು ಕಿರಣಗಳನ್ನು ಅಳೆಯುವ ಯಂತ್ರದ ಸೀಳುಗಳನ್ನು ಹೇಗೆ ಜೋಡಿಸಿದರೆ ಬೇಡದ ಬೆಳಕು ತನ್ನಿಂತಾನೇ ಹೊಂದಿಹೋಗುತ್ತದೆಂಬ ವಿಚಾರವನ್ನು. ಅಲ್ಲಿ ಹುಟ್ಟಿದ ಧನ ಋಣ ಚಿಹ್ನೆಗಳ ಶ್ರೇಣಿಯು ಇಲ್ಲಿ ಎಷ್ಟು ಚೆನ್ನಾಗಿ ಒದಗುತ್ತದೆಂಬುದನ್ನು ನಮ್ಮ ನಾಲ್ಕು ಅಲೆಗಳಲ್ಲಿಯೇ ನೋಡಬಹುದು. ಮೊದಲ ಮೂರನ್ನು ಇದ್ದಂತೆಯೇ ಬಿಟ್ಟು ನಾಲ್ಕನೆಯದನ್ನು ಮಾತ್ರ ತಲೆಕೆಳಗು ಮಾಡಿ ಕಳುಹಿಸಿರಿ: ಸರಾಸರಿ ಶಕ್ತಿಯು ಮೊದಲಿನಂತೆಯೇ ನಾಲ್ಕು, ಶಿಖರ ಮಾತ್ರ ಹದಿನಾರರಿಂದ ಏಳಕ್ಕಿಂತ ತುಸು ಮೇಲಕ್ಕೆ ಇಳಿದುಬಿಡುತ್ತದೆ. ಒಂದು ಅಲೆಯ ಚಿಹ್ನೆಯನ್ನು ಬದಲಿಸಿದ ಮಾತ್ರಕ್ಕೆ, ಶಕ್ತಿಯನ್ನು ಕಿಂಚಿತ್ತೂ ಕಳೆದುಕೊಳ್ಳದೆ, ಅರ್ಧಕ್ಕಿಂತ ಹೆಚ್ಚು ಭಾರವು ಇಳಿಯಿತು. ಇಂಥ ಶ್ರೇಣಿಗಳಲ್ಲಿ ಅಲೆಗಳು ಎಷ್ಟೇ ಇದ್ದರೂ ಶಿಖರವು ಸರಾಸರಿಯ ಎರಡು ಪಟ್ಟನ್ನು ಎಂದಿಗೂ ಮೀರುವುದಿಲ್ಲವೆಂಬುದು ಸಿದ್ಧವಾದ ಪ್ರಮೇಯ. ಡೇವಿಸ್ ಮತ್ತು ಜೆಡ್ವಾಬ್ ಎಂಬ ಗಣಿತಜ್ಞರು 1999ರಲ್ಲಿ ಈ ಶ್ರೇಣಿಗಳಿಗೂ ದೋಷಗಳನ್ನು ತಿದ್ದುವ ಸಂಕೇತಗಳಿಗೂ ಇರುವ ಬಂಧುತ್ವವನ್ನು ಹೊರಗೆಡವಿದರು. ದುರ್ದೈವವೆಂದರೆ ಉಪವಾಹಕಗಳು ಹೆಚ್ಚಿದಂತೆ ಇಂಥ ಸುಲಕ್ಷಣದ ಶ್ರೇಣಿಗಳು ಒಟ್ಟು ಶ್ರೇಣಿಗಳ ಸಮುದ್ರದಲ್ಲಿ ಬಿಂದುಗಳಷ್ಟಾಗುತ್ತವೆ. ಅವುಗಳಿಂದಲೇ ಮಾತನಾಡುತ್ತೇವೆಂದು ಹಟ ಹಿಡಿದರೆ ಸಾವಿರ ಉಪವಾಹಕಗಳಿದ್ದೂ ಹೇಳಬಹುದಾದ ಮಾತು ಅತ್ಯಲ್ಪವಾಗುತ್ತದೆ. ಇಷ್ಟು ಸೊಗಸಾದ ಗಣಿತವು 1200 ಸಾಲುಗಳ ಈ ಕಾರ್ಯಕ್ಕೆ ನೇರವಾಗಿ ಒದಗದಿರುವುದು ನನಗೆ ಇಂದಿಗೂ ವ್ಯಥೆಯ ಸಂಗತಿ.

ಟವರಿನ ಮಟ್ಟಿಗೆ ಹೇಳುವುದಾದರೆ ಸಮಸ್ಯೆಯನ್ನು ಬಹುಮಟ್ಟಿಗೆ ಬಗೆಹರಿಸಿದ್ದಾರೆ. ಶಿಖರಗಳನ್ನು ಅಂಕಗಳ ಲೆಕ್ಕದಲ್ಲಿಯೇ ಕುಗ್ಗಿಸುವ ಮಂಡಲಗಳೂ, ವರ್ಧಕವು ಮುಂದೆ ಮಾಡಲಿರುವ ವಿರೂಪವನ್ನು ಊಹಿಸಿ ಅದಕ್ಕೆ ವಿರುದ್ಧವಾದ ವಿರೂಪವನ್ನು ಮುಂಗಡವಾಗಿಯೇ ಅಲೆಗೆ ಹಚ್ಚುವ ಮಂಡಲಗಳೂ, ಇವುಗಳೊಂದಿಗೆ ಡೊಹರ್ಟಿಯ ಆ ಹಳೆಯ ಜೋಡು ವರ್ಧಕವೂ ಇಂದಿನ ಟವರುಗಳ ರೇಡಿಯೊ ಘಟಕಗಳಲ್ಲಿ ಸಾಮಾನ್ಯ. ಫೋನಿಗೆ ಈ ವೈಭವವು ಒಗ್ಗುವುದಿಲ್ಲ. ಅಲ್ಲಿ ಬೆಲೆಯೂ ಬ್ಯಾಟರಿಯೂ ಸ್ಥಳವೂ ಪರಿಮಿತ. ಆದುದರಿಂದ 2008ರಲ್ಲಿ 4ಜಿಯ ಮೊದಲ ನಿಯಮಾವಳಿಯನ್ನು ರಚಿಸಿದವರು ಒಂದು ವಿವೇಕದ ನಿರ್ಧಾರವನ್ನು ಕೈಗೊಂಡರು: ಟವರಿನಿಂದ ಫೋನಿಗೆ ಬಹುವಾಹಕ ಪದ್ಧತಿಯೇ ಇರಲಿ; ಫೋನಿನಿಂದ ಟವರಿಗೆ ಹೋಗುವಾಗ ಸಂಕೇತಗಳನ್ನು ಉಪವಾಹಕಗಳಿಗೆ ಹಂಚುವ ಮೊದಲು ಇನ್ನೊಂದು ಫೂರಿಯೆ ಗಣನೆಗೆ ಗುರಿಪಡಿಸಲಿ. ಒಂದರ ಹಿಂದೊಂದು ಬರುವ ಈ ಎರಡು ಗಣನೆಗಳು ಬಹುಪಾಲು ಒಂದನ್ನೊಂದು ಬಿಡಿಸಿಹಾಕುವುದರಿಂದ, ಆಂಟೆನಾದಿಂದ ಹೊರಡುವ ಅಲೆಯು ಏಕವಾಹಕದ ಅಲೆಯಂತೆಯೇ ಮಟ್ಟಸವಾಗಿರುತ್ತದೆ. ಟವರಿಗೆ ಮಾತ್ರ ಬಹುವಾಹಕದ ಅನುಕೂಲಗಳೆಲ್ಲ ಉಳಿಯುತ್ತವೆ. ಇದರಿಂದ ಆದ ಉಳಿತಾಯವು ಎರಡರಿಂದ ಮೂರು ಡೆಸಿಬೆಲ್. ಮೂರು ಡೆಸಿಬೆಲ್ಲೆಂದರೆ ಶಕ್ತಿಯಲ್ಲಿ ದುಪ್ಪಟ್ಟು.

ಹಳ್ಳಿಯ ಹೊಲಕ್ಕೆ ಇದೂ ಸಾಲದೆಂಬುದನ್ನು ಅಂತರರಾಷ್ಟ್ರೀಯ ವೇದಿಕೆಯಲ್ಲಿ ಎತ್ತಿಹೇಳಿದ್ದು ಭಾರತ. 5ಜಿಯ ಅರ್ಹತೆಯನ್ನು ಪರೀಕ್ಷಿಸಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ನಿಯಮಗಳನ್ನು ರೂಪಿಸುತ್ತಿದ್ದಾಗ, ಗ್ರಾಮಾಂತರವೆಂದರೆ ಟವರಿಗೂ ಟವರಿಗೂ 1,732 ಮೀಟರು ಅಂತರವಿರುವ ಪ್ರದೇಶವೆಂಬ ಕಲ್ಪನೆಯು ಅಲ್ಲಿ ಚಾಲ್ತಿಯಲ್ಲಿದ್ದಿತು. ನವಲಗುಂದದ ಎರೆಯಲ್ಲಿ ಎರಡು ಕಿಲೋಮೀಟರಿಗಿಂತ ಕಡಿಮೆ ಅಂತರದಲ್ಲಿ ಟವರುಗಳ ಸಾಲನ್ನು ನೆಡುವ ಕಂಪನಿಯು ಎಲ್ಲಿದೆ? ಭಾರತೀಯ ದೂರಸಂಪರ್ಕ ಮಾನಕಗಳ ಅಭಿವೃದ್ಧಿ ಸಂಸ್ಥೆಯಾದ ಟಿಎಸ್‌ಡಿಎಸ್‌ಐ, ನಮ್ಮ ದೇಶದಲ್ಲಿ ಆಪ್ಟಿಕಲ್ ಫೈಬರು ತಲಪುವ ಗ್ರಾಮ ಪಂಚಾಯತಿಯ ಊರಿನಲ್ಲೊಂದು ಟವರಿದ್ದು ಅದರ ಸುತ್ತಲಿನ ಮೂರು ಕಿಲೋಮೀಟರಿನವರೆಗೆ ಸೇವೆ ಸಿಗಬೇಕಾದರೆ, ಟವರುಗಳ ಅಂತರವನ್ನು 6 ಕಿಲೋಮೀಟರೆಂದು ಭಾವಿಸಿ ಪರೀಕ್ಷಿಸಬೇಕೆಂದು ವಾದಿಸಿತು. ವೇಗವಾಗಿ ಓಡುವವರು ಕಡಿಮೆ, ವಿಸ್ತಾರವು ದೊಡ್ಡದು ಎಂಬ ಈ ಗ್ರಾಮೀಣ ಚಿತ್ರವು 2017ರಲ್ಲಿ ಒಕ್ಕೂಟದ ಪರೀಕ್ಷಾ ನಿಯಮಗಳೊಳಗೆ ಸೇರಿತು. ಜಗತ್ತಿನ ಮಾನಕವೊಂದರಲ್ಲಿ ನಮ್ಮ ಎರೆಯ ಸೀಮೆಯಂಥ ಸೀಮೆಗಳಿಗೆ ಸ್ಥಾನ ದೊರೆತುದು ಸಣ್ಣ ಸಂಗತಿಯಲ್ಲವೆಂದು ನಾನು ಭಾವಿಸುತ್ತೇನೆ.

ಅಷ್ಟು ದೂರವನ್ನು ಫೋನಿನ ದನಿಯು ದಾಟುವಂತೆ ಮಾಡಲು ಹೈದರಾಬಾದಿನ ಐಐಟಿ, ಮದ್ರಾಸಿನ ಐಐಟಿ ಮತ್ತು ಅಲ್ಲಿಯ ಸೀವಿಟ್ ಸಂಶೋಧನ ಕೇಂದ್ರಗಳ ವಿದ್ವಾಂಸರು ಎತ್ತಿಹಿಡಿದ ಉಪಾಯವು ಅಲೆಯ ಶಿಖರವನ್ನು ನೆಲಸಮ ಮಾಡುವುದೇ ಆಗಿತ್ತು. ಒಂದು ಸಂಕೇತದಲ್ಲಿ ಒಂದೇ ಅಂಕವನ್ನು, ಸೊನ್ನೆಯನ್ನೋ ಒಂದನ್ನೋ, ಹೇಳುವ ಅತ್ಯಂತ ಸರಳವಾದ ಪದ್ಧತಿಯನ್ನು ತೆಗೆದುಕೊಂಡು, ಮುಂದಿನ ಪ್ರತಿಯೊಂದು ಸಂಕೇತದ ಅಕ್ಷವನ್ನೂ ಕಾಲು ಸುತ್ತು ತಿರುಗಿಸುತ್ತ ಹೋಗುವುದು. ಹೀಗೆ ಮಾಡಿದಾಗ ಒಂದು ಸಂಕೇತದಿಂದ ಇನ್ನೊಂದಕ್ಕೆ ಹೋಗುವ ಅಲೆಯು ಎಂದಿಗೂ ತಿರುಗುಮುರುಗಾಗಿ ಸೊನ್ನೆಯ ಮೂಲಕ ಹಾಯಬೇಕಾಗುವುದಿಲ್ಲ. ಬಲಕ್ಕೋ ಎಡಕ್ಕೋ ಕಾಲು ಸುತ್ತು ಹೊರಳಿದರೆ ಸಾಕು. ಅದರ ಮೇಲೆ ಸೂಕ್ತವಾದ ಶೋಧಕವೊಂದರಿಂದ ಅಲೆಯ ಅಂಚುಗಳನ್ನು ಮೃದುಗೊಳಿಸಿದರೆ ಶಿಖರವು ಸರಾಸರಿಯ ದುಪ್ಪಟ್ಟಿಗೂ ಒಳಗೇ ನಿಲ್ಲುತ್ತದೆ. ಶಿಖರವಿಲ್ಲದ ಅಲೆಗೆ ವರ್ಧಕವನ್ನು ಕೆಳಗಿಳಿಸಿ ದುಡಿಸುವ ಅಗತ್ಯವಿಲ್ಲವಾದುದರಿಂದ, ಅದೇ ಫೋನು, ಅದೇ ವರ್ಧಕ, 200 ಮಿಲಿವಾಟಿನ ಬದಲಿಗೆ 400 ಮಿಲಿವಾಟಿನಲ್ಲಿ, ಪಕ್ಕದ ಪಟ್ಟಿಯವರಿಗೆ ತೊಂದರೆ ಕೊಡದೆ ಮಾತನಾಡಬಲ್ಲದು. ಕಾಲು ಸುತ್ತಿನ ಈ ಪದ್ಧತಿಯು ಜಾಗತಿಕ 5ಜಿಯ ಮೊದಲ ನಿಯಮಾವಳಿಯಲ್ಲಿಯೇ ಸೇರಿಕೊಂಡಿತು. ಅದನ್ನು ಇನ್ನಷ್ಟು ಮುಂದುವರಿಸಿ ಭಾರತವು ರಚಿಸಿದ 5ಜಿಐ ಎಂಬ ಮಾನಕವನ್ನು ಒಕ್ಕೂಟವು 2021ರ ಫೆಬ್ರವರಿಯಲ್ಲಿ ಅಂಗೀಕರಿಸಿತು. ದೇಶಕ್ಕೊಂದು ಮಾನಕವಾದರೆ ಯಂತ್ರಗಳ ಬೆಲೆ ಏರೀತೆಂದು, ಫೋನುಗಳು ಹೊಂದಿಕೊಳ್ಳಲಾರವೆಂದು ಕಂಪನಿಗಳು ಆಕ್ಷೇಪಿಸಿದವು. ಆ ಆಕ್ಷೇಪದಲ್ಲಿ ಸತ್ಯಾಂಶವಿದ್ದಿತು. 2021ರ ಕೊನೆಯಲ್ಲಿ ಭಾರತದ ಮಾನಕವನ್ನು ಜಾಗತಿಕ ಮಾನಕದ ಹದಿನೇಳನೆಯ ಆವೃತ್ತಿಯೊಳಗೆ ವಿಲೀನಗೊಳಿಸುವ ಒಪ್ಪಂದವಾಯಿತು. ಬೇರೆ ಧ್ವಜದ ಕೆಳಗೆ ನಿಲ್ಲುವುದಕ್ಕಿಂತ ಎಲ್ಲರ ಫೋನಿನೊಳಗೂ ಸೇರಿಹೋಗುವುದೇ ಇಂಥ ವಿದ್ಯೆಗೆ ಶ್ರೇಯಸ್ಕರವೆಂಬುದು ನನ್ನ ಅಭಿಪ್ರಾಯ.

ಒಂದು ಸಂಕೇತಕ್ಕೆ ಒಂದೇ ಅಂಕವೆಂದಮೇಲೆ ವೇಗವು ಕುಗ್ಗುತ್ತದೆಂಬುದನ್ನು ಮರೆಮಾಚಬೇಕಾಗಿಲ್ಲ. ಟವರಿನ ನೆರಳಿನಲ್ಲಿ ಕುಳಿತವನಿಗೆ ಈ ಪದ್ಧತಿಯು ಬೇಕಾಗಿಯೂ ಇಲ್ಲ. ಅವನಿಗೆ ಹೆಚ್ಚು ಅಂಕಗಳ ಪದ್ಧತಿಯನ್ನೇ ಟವರು ಒದಗಿಸುತ್ತದೆ. ಸೀಮೆಯ ಕೊನೆಯ ಹೊಲದಲ್ಲಿ ನಿಂತವನಿಗೆ ಮಾತ್ರ, ವೇಗವಾಗಿ ಹೋಗಬೇಕಾಗಿದ್ದ ಚಿತ್ರವು ಹೋಗದೆಯೇ ಇರುವುದಕ್ಕಿಂತ ನಿಧಾನವಾಗಿಯಾದರೂ ಹೋಗುವುದು ಮೇಲು.

ಕಲಘಟಗಿಯ ವಿಷಯವು ಬೇರೆ. ಅಲ್ಲಿ ಮಲೆನಾಡಿನ ಸೆರಗು ಆರಂಭವಾಗಿ, ದಿಬ್ಬ ಕಣಿವೆಗಳೂ ಕಾಡೂ ಅಲೆಗೆ ಅಡ್ಡನಿಲ್ಲುತ್ತವೆ. ಗುಡ್ಡದ ಮರೆಯಲ್ಲಿರುವ ಊರಿಗೆ ಶಕ್ತಿಯನ್ನು ಇಮ್ಮಡಿಸಿದರೂ ದೊಡ್ಡ ಪ್ರಯೋಜನವಾಗದು, ಅಲ್ಲಿಗೆ ಇನ್ನೊಂದು ಟವರೇ ಬೇಕು. ಎರೆಯ ಬಯಲಿನ ಭೂಗೋಳವಾದರೋ ಈ ವಿದ್ಯೆಗೆಂದೇ ಹರಡಿಕೊಂಡಂತಿದೆ. ದೂರದ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಅಲೆಯು ಕ್ಷೀಣಿಸುತ್ತದೆಂಬ ರೂಢಿಯ ಲೆಕ್ಕವನ್ನು ಹಿಡಿದರೆ, ಶಕ್ತಿಯು ದುಪ್ಪಟ್ಟಾದಾಗ ದನಿಯು ಮುಟ್ಟುವ ದೂರವು ಐದನೆಯ ಒಂದು ಪಾಲಿನಷ್ಟು ಮಾತ್ರ ಹೆಚ್ಚುತ್ತದೆ; ಕೇಳಲು ಇದು ಅಲ್ಪ. ಆದರೆ ಟವರಿನಿಂದ 3 ಕಿಲೋಮೀಟರು ಮುಟ್ಟುತ್ತಿದ್ದ ದನಿಯು ಮೂರೂವರೆಗೂ ತುಸು ಮಿಕ್ಕಿ ಮುಟ್ಟಿದಾಗ, ಅದು ಆವರಿಸುವ ನೆಲವು ಸುಮಾರು 28 ಚದರ ಕಿಲೋಮೀಟರಿನಿಂದ 40 ಚದರ ಕಿಲೋಮೀಟರಿಗೆ ಹಿಗ್ಗುತ್ತದೆ. ಒಂದೊಂದು ಟವರಿನ ಸುತ್ತಲೂ ಸುಮಾರು 2,900 ಎಕರೆ ಹೊಲವು, ಹೊಸ ಟವರನ್ನು ನೆಡದೆಯೇ, ಮಾತಿನ ಎಲ್ಲೆಯೊಳಗೆ ಬಂದಂತಾಗುವುದು.

ಆಗುವುದು ಎಂದೆನೇ ಹೊರತು ಆಗಿದೆ ಎನ್ನಲಿಲ್ಲ. ದುಪ್ಪಟ್ಟು ಶಕ್ತಿಯಲ್ಲಿ ಮಾತನಾಡಲು ನಿಯಮಾವಳಿಯು ಅನುಮತಿಯಿತ್ತಿರುವುದು 3.3 ಗಿಗಾಹರ್ಟ್ಸಿನ ಆಸುಪಾಸಿನ ಪಟ್ಟಿಯಂಥ ಕೆಲವೇ ಪಟ್ಟಿಗಳಲ್ಲಿ. ಅಲ್ಲಿಯೂ ಫೋನು ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು ಹೊತ್ತು ಮಾತನಾಡಕೂಡದೆಂಬ ಕಟ್ಟಳೆಯುಂಟು. ಈ ಪಟ್ಟಿಗಳಲ್ಲಿ ಕಾಲು ಸುತ್ತಿನ ಪದ್ಧತಿಯನ್ನು ಫೋನು ತಯಾರಿಸುವವರು ಅಳವಡಿಸಲೇಬೇಕೆಂಬ ಕಡ್ಡಾಯವಿಲ್ಲ. ಅಳವಡಿಸಿದ ಫೋನು ಟವರಿನ ಪರಿಚಯ ಮಾಡಿಕೊಳ್ಳುವಾಗಲೇ ತನಗೆ ಆ ಸಾಮರ್ಥ್ಯವಿದೆಯೆಂದು ತಿಳಿಸುತ್ತದೆ. ಟವರನ್ನು ನಡೆಸುವ ಕಂಪನಿಯು ಅದನ್ನು ಬಳಕೆಗೆ ತಂದಿದ್ದರೆ ಮಾತ್ರ ಅದಕ್ಕೆ ಉತ್ತರ ಸಿಗುತ್ತದೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಫೋನು ಕೊಳ್ಳುವ ನವಲಗುಂದದ ರೈತನಿಗೆ ಕ್ಯಾಮೆರಾದ ಮೆಗಾಪಿಕ್ಸೆಲ್ಲುಗಳೆಷ್ಟು, ಬ್ಯಾಟರಿಯ ಸಾಮರ್ಥ್ಯವೆಷ್ಟು ಎಂಬುದನ್ನು ಪೆಟ್ಟಿಗೆಯ ಮೇಲೆಯೇ ದಪ್ಪಕ್ಷರಗಳಲ್ಲಿ ತಿಳಿಸುತ್ತಾರೆ. ತೆಗೆದ ಚಿತ್ರವು ಹೊಲದಿಂದ ಊರಿಗೆ ಮುಟ್ಟುವುದು ಯಾವ ಗುಣವನ್ನು ಅವಲಂಬಿಸಿದೆಯೋ ಆ ಗುಣವನ್ನೂ ಅಲ್ಲಿಯೇ, ಅವನು ಓದಬಲ್ಲ ಕನ್ನಡದಲ್ಲಿ, ಮುದ್ರಿಸಬೇಕೆಂಬುದು ನನ್ನ ಬೇಡಿಕೆ.